ಹತ್ತಿ ಬರ್ಫಿ

ಪೊಟ್ಟಣಕ್ಕೆ ಎರಡು ಸುತ್ತು ದಾರ ಸುತ್ತಿದ ಔಷಧಿ ಅಂಗಡಿಯ ಜಡೆಪ್ಪ ಮೂರನೆಯ ಸುತ್ತಿಗೆ ಕೈ ನಿಲ್ಲಿಸಿದ. ಪಕ್ಕದಲ್ಲಿ ಕೆಮ್ಮಿನ ಔಷಧಿಗೆ ನಿಂತಿದ್ದ ಮುದುಕನಿಗೆ ಕೇಳಿಸದಷ್ಟು ಸಣ್ಣ ದನಿಯಲ್ಲಿ, "ಅಕ್ಕಾರ, ತಪ್ಪು ತಿಳಕಾಬ್ಯಾಡ್ರಿ. ಇದು ಯಾತಕ್ಕ ಬೇಕಾಗಿತ್ತು?" ಎಂದ.

"ಸಿಹಿ ಮಾಡಾಕ," ಎಂದಳು ಅಕ್ಕನಾಗಮ್ಮ. "ನಮ್ಮ ಅತ್ತಿಯವರಿಗೆ ಹಲ್ಲಿಲ್ಲ. ಇದನ್ನ ಹಾಕಿದ್ರ ಹತ್ತಿಯಂಗ ಮೆತ್ತಗಾಗತೈತಿ."

"ಕೊಟ್ರಮ್ಮಾರು ತಿಂತಾರ ಇದನ್ನ?"

"ಒಂಬತ್ತು ದಿನ ಆತು, ದಿನಾ ತಿಂತಾರ. ಯಾಕ?"

ಜಡೆಪ್ಪ ಸುತ್ತಿದ ದಾರವನ್ನು ಬಿಚ್ಚತೊಡಗಿದ. "ಜೆಲಾಟಿನ್ ಅಂದ್ರ ದನದ ಎಲುಬು, ತೊಗಲು ಕುದಿಸಿ ತೆಗಿಯೋ ಸಾಮಾನ್ರಿ. ಗುಳಿಗಿ ಮ್ಯಾಲಿನ ಕವಚ ಇದರಾಗ ಮಾಡ್ತಾರ. ಬ್ಯಾರೇದವರು ಕೇಳಿದ್ರ ಕಟ್ಟಿ ಕೊಡ್ತಿದ್ದೆ. ನೀವು ಲಿಂಗ ಕಟ್ಟಿದ ಮಂದಿ, ಅದಕ್ಕ ಬಾಯಿ ಬಿಟ್ಟೆ."

ಅಕ್ಕನಾಗಮ್ಮ ಪೊಟ್ಟಣವನ್ನೇ ನೋಡುತ್ತ ನಿಂತಳು. ಮುದುಕ ಕೆಮ್ಮಿದ. ಜಡೆಪ್ಪ ಹಿಂದಿನ ಕಪಾಟಿನಿಂದ ಬಿಳಿ ಎಳೆಗಳ ಒಂದು ಕಟ್ಟು ತೆಗೆದು ಮುಂದಿಟ್ಟ. "ಚೀನಾ ಹುಲ್ಲು ಒಯ್ರಿ. ಸಮುದ್ರದ ಪಾಚಿ, ಏನೂ ದೋಷ ಇಲ್ಲ. ಗಟ್ಟಿ ಆಗತೈತಿ. ಆದ್ರ ಅದರಂಗ ಉಬ್ಬೂದಿಲ್ಲ, ಮೊದಲಾ ಹೇಳೀನಿ."

ಆ ಪುಡಿ ಮನೆಗೆ ಬಂದದ್ದು ಮಹಿಳಾ ಮಂಡಳದಿಂದ. ಎಪ್ಪತ್ತಾರನೇ ಇಸವಿಯ ಆ ಬೇಸಿಗೆಯಲ್ಲಿ ಮೈಸೂರು ಕಡೆಯ ಟೀಚರೊಬ್ಬರು ಸತ್ಯನಾರಾಯಣಪೇಟೆಯ ಹೆಂಗಸರಿಗೆ ಹದಿನೈದು ದಿನ ಅಡುಗೆ ಕಲಿಸಿದ್ದರು. ಕೇಕು, ಜಾಮು ಎಲ್ಲ ಆಗಿ, ಕೊನೆಯ ದಿನ ಮಾರ್ಷ್‌ಮ್ಯಾಲೋ ಎಂಬ ಬಿಳಿ ದೊರೆಗಳ ಸಿಹಿ. ಹೆಸರು ಯಾರ ನಾಲಿಗೆಗೂ ಹೊರಳಲಿಲ್ಲ. ಬಾಯಲ್ಲಿಟ್ಟುಕೊಂಡ ಓಣಿಯ ಈರಮ್ಮ, "ಅಯ್ಯ, ಜಿನ್ನಿಂಗ್ ಮಿಲ್ಲಿನಾಗಿನ ಹತ್ತಿ ತಿಂದಂಗಾಗತೈತಿ!" ಎಂದದ್ದೇ ತಡ, ಅದು ಹತ್ತಿ ಬರ್ಫಿಯಾಯಿತು. ಪುಡಿ ಯಾವುದರದೆಂದು ಟೀಚರು ಹೇಳಲಿಲ್ಲ, ಇವರು ಕೇಳಲಿಲ್ಲ. ಉಳಿದ ಒಂದು ಡಬ್ಬಿಯನ್ನು ಅಕ್ಕನಾಗಮ್ಮ ಕೇಳಿ ಇಸಿದುಕೊಂಡು ಬಂದಳು; ಅದು ಮುಗಿದದ್ದಕ್ಕೇ ಜಡೆಪ್ಪನ ಅಂಗಡಿಗೆ ಹೋದದ್ದು.

ಟೀಚರು ಸಕ್ಕರೆ ಹಾಕಿದ್ದರು. ಅಕ್ಕನಾಗಮ್ಮನ ಮನೆಯಲ್ಲಿ ಅದು ನಡೆಯುವಂತಿರಲಿಲ್ಲ. ಕಾರ್ಖಾನೆಯ ಸಕ್ಕರೆಯನ್ನು ಎಲುಬಿನ ಇದ್ದಲು ಹಾಕಿ ಬೆಳ್ಳಗೆ ಮಾಡುತ್ತಾರೆಂದು ಕುರುಗೋಡಿನ ತವರಿನಲ್ಲಿ ಯಾರೋ ಹೇಳಿದ್ದನ್ನು ಕೇಳಿದಂದಿನಿಂದ ಕೊಟ್ರಮ್ಮ ಸಕ್ಕರೆ ಮುಟ್ಟಿದವಳಲ್ಲ. ಮೂವತ್ತೊಂದು ವರ್ಷ. ಅಕ್ಕನಾಗಮ್ಮ ಸೊಸೆಯಾಗಿ ಬಂದದ್ದು ಸಕ್ಕರೆ ಚಹಾ ಕುಡಿಯುವ ರೈಲ್ವೆ ನೌಕರರ ಮನೆಯಿಂದ. ಅದೊಂದೇ ಕಾರಣಕ್ಕೆ ಕೊಟ್ರಮ್ಮ ಹದಿನಾಲ್ಕು ವರ್ಷ ಪಡಸಾಲೆಯ ಮೂಲೆಯಲ್ಲಿ ತನ್ನದೇ ಇದ್ದಲಿ ಒಲೆ ಹೂಡಿ ತನ್ನ ಅಡುಗೆ ತಾನೇ ಮಾಡಿಕೊಂಡಳು. ಜಗಳವಿರಲಿಲ್ಲ, ಮಾತು ಬಿಟ್ಟಿರಲಿಲ್ಲ. ಸೊಸೆಯ ಕೈಯ ತುತ್ತು ಮಾತ್ರ ಬೇಡವಾಗಿತ್ತು. ಎರಡು ವರ್ಷದ ಹಿಂದೆ ಕಣ್ಣಿಗೆ ಪೊರೆ ಬಂತು, ಕೊನೆಯ ಹಲ್ಲೂ ಹೋಯಿತು. ಒಂದು ಮಧ್ಯಾಹ್ನ ತಟ್ಟೆ ಹಿಡಿದುಕೊಂಡು ಅಡುಗೆಮನೆಯ ಹೊಸ್ತಿಲಲ್ಲಿ ಬಂದು ಕುಳಿತಳು. ಅಂದಿನಿಂದ ಅಕ್ಕನಾಗಮ್ಮನೂ ಚಹಾಕ್ಕೆ ಬೆಲ್ಲವನ್ನೇ ಹಾಕಿದಳು.

ಹಾಗಾಗಿ ಹತ್ತಿ ಬರ್ಫಿಯೂ ಬೆಲ್ಲದ್ದಾಯಿತು. ಸಿರುಗುಪ್ಪ ಕಡೆಯ ಅಚ್ಚುಬೆಲ್ಲ ಕರಗಿಸಿ, ಸೋಸಿ, ಗಟ್ಟಿ ಪಾಕ ತೆಗೆದು, ನೆನೆದ ಪುಡಿಯ ಮೇಲೆ ಸುರಿದು, ಮಜ್ಜಿಗೆಯ ಕಡಗೋಲಿನಿಂದ ಕಡೆಯಬೇಕು. ರಟ್ಟೆ ಸೋಲುವ ಹೊತ್ತಿಗೆ ಕಂದು ಪಾಕ ಕೆನೆಬಣ್ಣಕ್ಕೆ ತಿರುಗಿ ಗಡಿಗೆಯ ಕಂಠದವರೆಗೆ ಉಬ್ಬಿ ಬರುತ್ತಿತ್ತು. ಏನೋ ಒಂದು ಹಸಿ ವಾಸನೆ ಇತ್ತು. ಅದಕ್ಕೆ ಏಲಕ್ಕಿ ಹಾಕಿದಳು. ಅಂಬಲಿ, ಗಂಜಿಯಲ್ಲೇ ದಿನ ನೂಕುತ್ತಿದ್ದ ಕೊಟ್ರಮ್ಮ ಮೊದಲ ದಿನ ಎರಡು ತಿಂದಳು. ಮರುದಿನ ತಾನಾಗಿಯೇ ಕೇಳಿದಳು. ಆಕೆ ಬಾಯಿಬಿಟ್ಟು ಕೇಳಿ ತಿಂದದ್ದನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ.

ಶನಿವಾರ ಸಂಜೆ ಅಂಗಡಿಯಿಂದ ಬಂದವಳೇ ಅಕ್ಕನಾಗಮ್ಮ ಉಳಿದಿದ್ದ ಬರ್ಫಿಯನ್ನು ಹಿತ್ತಲಲ್ಲಿ ಹೂತಳು. ಊಟದಲ್ಲಿ ಅತ್ತೆ ಕೇಳಿದಾಗ ಇಲಿ ತಿಂದವೆಂದಳು. ಗಂಡ ತಿಪ್ಪೇರುದ್ರಪ್ಪ ಕೈ ತೊಳೆಯಲು ಬಚ್ಚಲಿಗೆ ಬಂದಾಗ ನಿಜ ಹೇಳಿದಳು.

ಆತ ತಂಬಿಗೆ ಹಿಡಿದುಕೊಂಡೇ ನಿಂತ. "ನಾನೂ ದಿನಕ್ಕ ನಾಕು ನಾಕು ಮುಕ್ಕೀನಲ್ಲಲೇ."

"ಈಗೇನು ಮಾಡೂದ್ರಿ?"

"ಏನೂ ಮಾಡಬ್ಯಾಡ. ಹೇಳಿದ್ರ ಅವ್ವ ಸಾಯೋತನಕ ನಿನ್ನ ಕೈಲೆ ನೀರೂ ಕುಡಿಯಾಕಿಲ್ಲ. ನನಗರ ಯಾಕ ಹೇಳಿದಿ ನೀನು?"

ಭಾನುವಾರ ನಸುಕಿನಲ್ಲಿ ಹಿತ್ತಾಳೆಯ ಗಡಿಗೆ, ತಟ್ಟೆಗಳಿಗೆ ಹುಣಸೆಹಣ್ಣು, ಬೂದಿ ಹಚ್ಚಿ ಮೂರು ಸಲ ತಿಕ್ಕಿದಳು. ಆಮೇಲೆ ಹೊಸ ಪಾತ್ರೆಯಲ್ಲಿ ಚೀನಾ ಹುಲ್ಲು ಕರಗಿಸಿ ಬೆಲ್ಲದ ಪಾಕಕ್ಕೆ ಬೆರೆಸಿದಳು. ಜಡೆಪ್ಪ ಹೇಳಿದಂತೆಯೇ ಆಯಿತು. ಎಷ್ಟು ತಿರುವಿದರೂ ನಾಲ್ಕು ಗುಳ್ಳೆ ಎದ್ದು ಒಡೆದವೇ ಹೊರತು ಉಬ್ಬಲಿಲ್ಲ. ಆರಿದ ಮೇಲೆ ಕಂದು ಬಣ್ಣದ ಹಲಗೆಯಂತೆ ತಟ್ಟೆಗೆ ಅಂಟಿ ಕುಳಿತಿತು.

ಪೂಜೆ ಮುಗಿಸಿದ ಕೊಟ್ರಮ್ಮ ಎಡ ಅಂಗೈಯ ಲಿಂಗಕ್ಕೆ ಒಂದು ತುಂಡು ಅರ್ಪಣೆಗೆಂದು ತೋರಿಸಿ ಬಾಯಿಗಿಟ್ಟುಕೊಂಡಳು. ಒಸಡಿನಿಂದ ಒಸಡಿಗೆ ಹೊರಳಿಸಿದಳು.

"ನಾಗವ್ವ, ಇದು ಅದಲ್ಲ."

"ಪಾಕ ಕೆಟ್ಟೇತ್ರಿ ಅತ್ತಿ."

"ಪಾಕ ಕೆಟ್ಟಿದ್ರ ನನ್ನ ನಾಲಿಗಿಗೆ ತಿಳಿಯೂದಿಲ್ಲೇನು? ಪಾಕ ನೆಟ್ಟಗ ಐತಿ. ಇದು ಮೈ ತೊಳಿಯೋ ಸಬಕಾರ ಆಗೇತಿ."

"ಆ ಪುಡಿ ಸಿಗಲಿಲ್ರಿ."

"ಇಲ್ಲಿ ಸಿಗದಿದ್ರ ತಿಪ್ಪೇರುದ್ರಗ ಹೇಳು, ಹೊಸಪೇಟಿಗೆ ಹೋಗವ್ರ ಕೈಲೆ ತರಸ್ತಾನ. ನಾಳೆ ಸೋಮಾರ ಮಠದ ಅಯ್ಯನೋರು ಬರ್ತಾರ. ಅವರದೂ ನನ್ನಂಗ ಬೋಳು ಬಾಯಿ, ಪಾಪ. 'ನಮ್ಮ ಸೊಸಿ ಒಂದು ಸಿಹಿ ಮಾಡ್ತಾಳ, ಹಲ್ಲು ಬ್ಯಾಡ ಏನ್ ಬ್ಯಾಡ, ಬರ್ರಿ' ಅಂತ ಹೇಳಿ ಕಳಿಸೀನಿ. ಓಣಿ ತುಂಬ ಹೇಳಿಟ್ಟೀನಿ."

ನಿಧಾನವಾಗಿ ಹೇಳಬೇಕು, ಮೊದಲು ಟೀಚರ ವಿಷಯ ತೆಗೆಯಬೇಕು ಎಂದೆಲ್ಲ ಅಕ್ಕನಾಗಮ್ಮ ರಾತ್ರಿ ಲೆಕ್ಕ ಹಾಕಿದ್ದಳು. ಬಾಯಿ ತೆರೆದಾಗ ಬಂದದ್ದು ಅಷ್ಟೇ: "ಅತ್ತಿ, ಆ ಪುಡಿ ಎಲುಬಿಂದಂತ್ರಿ."

"ಯಾತರ ಎಲುಬು?"

"ದನದ್ದು."

ಬೀದಿಯ ನಲ್ಲಿಯ ಹತ್ತಿರ ಕೊಡಗಳು ಒಂದಕ್ಕೊಂದು ತಾಗುತ್ತಿದ್ದವು. ಕೊಟ್ರಮ್ಮ ಬಾಯಲ್ಲಿದ್ದ ತುಂಡನ್ನು ಬಲ ಅಂಗೈಗೆ ಉಗಿದು ಕಣ್ಣಿನ ಹತ್ತಿರ ಹಿಡಿದಳು.

"ಇದಲ್ಲರಿ," ಅಕ್ಕನಾಗಮ್ಮ ಗಡಬಡಿಸಿದಳು. "ಇದು ಬರೇ ಪಾಚಿ."

"ನಿನಗ ಯಾವಾಗ ತಿಳೀತು?"

"ನಿನ್ನಿ ಸಂಜಿಗೆ."

"ಇಲಿ ತಿಂದ್ವು ಅಂದಿ."

"ಹೂಂನ್ರಿ. ಸುಳ್ಳು ಹೇಳಿದೆ."

"ಒಂಬತ್ತು ದಿನ," ಎಂದಳು ಕೊಟ್ರಮ್ಮ. ಅದು ಸೊಸೆಗೆ ಹೇಳಿದ್ದಲ್ಲ. ಅಂಗೈ ಲಿಂಗದ ಕಡೆಗೆ ತಲೆ ಬಗ್ಗಿತ್ತು. "ಒಂಬತ್ತು ದಿನ ನಿನಗ ತೋರಿಸೀನಿ." ಆಮೇಲೆ ಸೊಸೆಯ ಕಡೆಗೆ ತಿರುಗಿದಳು: "ಇದನ್ನ ಯಾತರಲೆ ಕಡದಿ?"

"ಕಡದಿಲ್ರಿ. ಹೊಸ ಸೌಟಿಲೆ ತಿರುವೀನಿ. ಪಾತ್ರಿ ತಿಕ್ಕಿದ್ರ ಹೋಗತೈತಿ, ಕಟಗಿ ಎಷ್ಟು ತಿಕ್ಕಿದ್ರೂ ಶುದ್ಧ ಆಗೂದಿಲ್ಲಂತ ನೀವ ಹೇಳಿದ್ರಿ. ಕಡಗೋಲು ಬಚ್ಚಲ ಒಲಿಗೆ ಹಾಕಿದೆ."

"ನನ್ನ ತವರುಮನಿ ಕಡಗೋಲು."

"ಹೂಂನ್ರಿ."

ಕೊಟ್ರಮ್ಮ ಎದ್ದಳು. ಬಚ್ಚಲಲ್ಲಿ ತಣ್ಣೀರು ಸುರಿದುಕೊಳ್ಳುವ ಸದ್ದು ಬಹಳ ಹೊತ್ತು ಕೇಳಿಸಿತು. ಒದ್ದೆ ಸೀರೆಯಲ್ಲೇ ಹೋಗಿ ಎರಡನೆಯ ಸಲ ಪೂಜೆಗೆ ಕುಳಿತಳು.

ಹೊಸ್ತಿಲಲ್ಲಿದ್ದ ಬಿಸಿಲು ಒರಳಿನವರೆಗೆ ಸರಿಯಿತು. ಅಕ್ಕನಾಗಮ್ಮನಿಗೆ ಸುಮ್ಮನೆ ಕೂಡಲಾಗಲಿಲ್ಲ. ಅಟ್ಟದಿಂದ ಹಳೆಯ ಇದ್ದಲಿ ಒಲೆ ಇಳಿಸಿ, ಜೇಡರ ಬಲೆ ತೆಗೆದು, ಪಡಸಾಲೆಯ ಮೂಲೆಯಲ್ಲಿ ಅದರ ಜಾಗದಲ್ಲೇ ಇಟ್ಟಳು. ಪಕ್ಕದಲ್ಲಿ ಅತ್ತೆಯ ಸಣ್ಣ ಹಿತ್ತಾಳೆ ಪಾತ್ರೆ, ಸೇರು ಅಕ್ಕಿ, ಇದ್ದಲಿನ ಬುಟ್ಟಿ. ತಿಪ್ಪೇರುದ್ರಪ್ಪ ಒಲೆಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಪೇಪರು ತರುವ ನೆಪದಲ್ಲಿ ಚಪ್ಪಲಿ ಮೆಟ್ಟಿದ.

ಕೊಟ್ರಮ್ಮ ಹೊರಗೆ ಬಂದಾಗ ಹೊತ್ತು ನೆತ್ತಿಗೇರಿತ್ತು. ಗೋಡೆ ಹಿಡಿದುಕೊಂಡು ಬಂದವಳ ಕಾಲು ಒಲೆಗೆ ತಾಗಿತು. ಬಗ್ಗಿ ತಡವಿದಳು.

"ಇದ್ಯಾಕ ಇಳಿಸಿದಿ?"

"ನಿಮಗ ಬೇಕಾಗತೈತೇನೋ ಅಂತ..."

"ನನಗ ಕಣ್ಣು ಕಾಣತಾವೇನು? ಮುದುಕಿ ಸೆರಗಿಗೆ ಬೆಂಕಿ ಹಚಗೊಳ್ಳಲಿ ಅಂತ ಮಾಡಿಯೇನು?"

ಅಕ್ಕನಾಗಮ್ಮ ಒಲೆಯನ್ನು ಅತ್ತೆಯ ಕಾಲಿನಿಂದ ಆಚೆ ಸರಿಸಿದಳು.

"ಅಯ್ಯನೋರಿಗೆ ನಾನ ಹೇಳ್ತೀನಿ. ಪ್ರಾಯಶ್ಚಿತ್ತ ಏನು ಹೇಳ್ತಾರೋ ಮಾಡಿದ್ರಾತು. ನೀ ನಡುವ ಬಾಯಿ ಹಾಕಬ್ಯಾಡ." ಕೊಟ್ರಮ್ಮ ಗೋಡೆಗೆ ಒರಗಿ ಕುಳಿತಳು. "ಆ ಸಬಕಾರದ ತಟ್ಟಿ ತಾ ಇಲ್ಲಿ."

ತಟ್ಟೆ ಬಂತು. ಕೊಟ್ರಮ್ಮ ಸೊಂಟದ ಚೀಲದಿಂದ ಎಲೆಯಡಿಕೆ ಕುಟ್ಟುವ ಕಬ್ಬಿಣದ ಕುಟ್ಟಾಣಿ ತೆಗೆದು, ತಲೆಕೆಳಗು ಮಾಡಿ ಬಡಿದು, ಸೆರಗಿನ ತುದಿಯಿಂದ ಒರೆಸಿದಳು. ಒಂದು ತುಂಡನ್ನು ಲಿಂಗಕ್ಕೆ ತೋರಿಸಿ ಹಿಡಿದೇ ಇದ್ದಳು; ತುಟಿಗಳು ಅಲುಗುತ್ತಿದ್ದವು. ಆಮೇಲೆ ಅದನ್ನು ಕುಟ್ಟಾಣಿಗೆ ಹಾಕಿ ಕುಟ್ಟಿದಳು. ಗಟ್ಟಿ ತುಂಡು ಒಳಗೆ ಜಾರಿ ಜಾರಿ ಕೊನೆಗೆ ಒಡೆಯಿತು. ಕುಟ್ಟುವ ಕೋಲಿನ ತುದಿಗೆ ಮೆತ್ತಿಕೊಂಡದ್ದನ್ನು ನಾಲಿಗೆಯಿಂದ ನೆಕ್ಕಿ ನೋಡಿ, ಕೊಟ್ರಮ್ಮ ಮತ್ತೆ ಕುಟ್ಟತೊಡಗಿದಳು.