ಹನ್ನೆರಡು ಗಂಟೆಯವರೆಗೆ

ಸಾಸಿವೆ ಸಿಡಿದ ವಾಸನೆಗೆ ಬಾಯಲ್ಲಿ ನೀರೂರಿತು, ಊರಲಿ, ಇನ್ನೂ ಹತ್ತೂವರೆ, ಹನ್ನೆರಡಾಗಲು ಒಂದೂವರೆ ಗಂಟೆಯಿದೆ, ಬೂದಿಕೋಟೆಯ ಶಾಲೆಯ ಮಕ್ಕಳಿಗೆಲ್ಲ ಸಾರು ಕುದಿಸುತ್ತ ತಾನು ಖಾಲಿ ಹೊಟ್ಟೆಯಲ್ಲಿ ನಿಲ್ಲುವುದು ಅಂಬಿಕಳಿಗೆ ಎಂಟು ತಿಂಗಳಿಂದ ರೂಢಿಯಾಗಿದೆ, ಉಪ್ಪು ನೋಡೇ ಪುಷ್ಪಾ ಎಂದು ಜೊತೆಯ ಅಡುಗೆಯವಳಿಗೆ ಸೌಟು ಕೊಡುತ್ತಾಳೆ, ಯಾವ ದೇವರಿಗಕ್ಕ ದಿನಾ ಈ ಒಪ್ಪತ್ತು ಎಂದು ಪುಷ್ಪ ಮೊದಮೊದಲು ಕೇಳುತ್ತಿದ್ದಳು, ದೇವರಿಗಲ್ಲ, ಸಕ್ಕರೆ ಕಾಯಿಲೆಗೆ — ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಎಂಟರೊಳಗೆ ಊಟ ಮುಗಿಸಿ, ಬೆಳಗ್ಗೆ ಬೆವರು ಬರುವ ಹಾಗೆ ಬಿರುಸಾಗಿ ನಡೀರಿ, ಮನಸ್ಸಿಗೂ ಒಳ್ಳೇದು ಎಂದಿದ್ದರು ಕೆಜಿಎಫ್‌ನ ಡಾಕ್ಟರಮ್ಮ, ಮನಸ್ಸಿನ ಮಾತು ಅವರಿಗೆ ಹೇಗೆ ಗೊತ್ತಾಯಿತೋ, ಗಂಡ ಸುಧಾಕರ್ ತೀರಿಕೊಂಡ ಮೇಲೆ ಸಿಕ್ಕಿದ್ದೆಲ್ಲ ತಿಂದು, ತಿಂದದ್ದು ಯಾಕೆಂದೂ ತಿಳಿಯದೆ ಗೋಡೆಗೊರಗಿ ಕೂರುತ್ತಿದ್ದವಳಿಗೆ ಕೆರೆ ಕಟ್ಟೆಯ ಮೇಲೆ ಕೈ ಬೀಸಿ ನಡೆದ ಹದಿನೈದೇ ದಿನಕ್ಕೆ ನಿದ್ದೆ ಬಂತು, ತಲೆ ತಿಳಿಯಾಯಿತು, ಹೊಟ್ಟೆ ಖಾಲಿಯಿದ್ದರೆ ತಲೆಯಲ್ಲೂ ಏನೂ ಬರಲ್ಲ ಕಣೇ ಎಂದು ಮಗಳು ಲಿಖಿತಳಿಗೆ ಹೇಳಿದ್ದೂ ಆಗಲೇ, ನಾನೂ ಬತ್ತೀನಮ್ಮ ಎಂದು ಅವಳು ಚಪ್ಪಲಿ ಮೆಟ್ಟಿದ್ದೂ ಆಗಲೇ. ಫೋನು ಬಡಿದುಕೊಂಡಿತು. ಮಗಳ ಗೆಳತಿ ರೂಪ. ಆಂಟಿ, ಲಿಖಿತ ಬಂಗಾರಪೇಟೆ ಬಸ್ ಸ್ಟ್ಯಾಂಡಲ್ಲಿ ತಲೆ ತಿರುಗಿ ಬಿದ್ಲು, ಈಗ ಎದ್ದು ಕೂತವಳೆ, ನೀವು ಬನ್ನಿ.

ಬಸ್ಸಿನ ಕಿಟಕಿಯ ಸರಳು ಬಿಸಿಯಾಗಿದೆ, ಅದನ್ನೇ ಹಿಡಿದು ಕೂತಿದ್ದಾಳೆ, ನಡೆದ ಆಯಾಸವೋ ಹಸಿವೋ ಭಯವೋ, ಎಲ್ಲ ಒಂದೇ ಥರ — ಕಾಲೇಜಲ್ಲೇ ತಿಂದೆ ಎನ್ನುತ್ತಿದ್ದಳಲ್ಲ, ನಂಬಿದೆನಲ್ಲ, ದಿನವಿಡೀ ನೂರಾರು ತಟ್ಟೆ ನೋಡಿದ ಕಣ್ಣಿಗೆ ಮನೆಯ ಒಂದು ತಟ್ಟೆ ನೋಡುವ ತ್ರಾಣ ಉಳಿದಿರಲಿಲ್ಲ, ಅವಳ ಊಟವೂ ಹನ್ನೆರಡು ಎಂದದ್ದು ಎರಡಾಯಿತು, ಎರಡು ಸಂಜೆಯಾಯಿತು, ನಡಿಗೆ ಓಟವಾಯಿತು, ಓಟ ಸಾಲದೆ ತಾರಸಿಯ ಮೇಲೆ ಹಗ್ಗ ಹಿಡಿದು ಕುಣಿದಳು, ಸಣ್ಣಗಾಗಿ ಚೆಂದಾಗವಳೆ ನಿನ್ ಮಗಳು ಎಂದು ಪಕ್ಕದ ಮನೆಯ ಕಲ್ಪನ ಅಂದಾಗ ತಾನು ಹಿಗ್ಗಿರಲಿಲ್ಲವೇ, ಹಿಗ್ಗಿದ್ದಳು, ಅದನ್ನು ಈಗ ಯಾರಿಗೆ ಹೇಳುವುದು.

ಬಸ್ ಸ್ಟ್ಯಾಂಡ್ ಎದುರಿನ ಇಡ್ಲಿ ಹೋಟೆಲಿನ ಬೆಂಚಿನ ಮೇಲೆ ಲಿಖಿತ ಕೂತಿದ್ದಾಳೆ, ಪಕ್ಕದಲ್ಲಿ ರೂಪ, ಮುಂದೆ ಮುಟ್ಟದ ತಟ್ಟೆ, ಹದಿನೇಳರ ಹುಡುಗಿಯ ಕೊರಳ ಮೂಳೆ ಇಷ್ಟು ಎದ್ದದ್ದು ಯಾವಾಗ, ಒಂದೇ ಸೂರಿನಡಿ ಇದ್ದೂ — ಬೈಯಬೇಕೆಂದು ಬಂದವಳಿಗೆ ಬೈಯಲೂ ಸುಸ್ತು, ಪಕ್ಕದಲ್ಲಿ ಕೂತಳು, ಯಾಕೆ ಪಾಪ, ಯಾಕಿಂಗೆ ಮಾಡ್ಕೊಂಡೆ. ಲಿಖಿತ ತಟ್ಟೆಯನ್ನೇ ನೋಡುತ್ತ ಮೆಲ್ಲಗೆ ಅಂದಳು, ನೀನೇ ಅಲ್ವಾಮ್ಮ ಯೋಳಿದ್ದು, ಒಟ್ಟೆ ಖಾಲಿಯಿದ್ರೆ ತಲೆಯಲ್ಲಿ ಏನೂ ಬರಲ್ಲ ಅಂತ, ತಿಂದ್ರೆ ಎಲ್ಲಾ ವಾಪಸ್ ಬತ್ತದೆ, ಅಪ್ಪ ಮಂಚದ ಮೇಲೆ ಉಸಿರು ಎಳೀತಿದ್ದಿದ್ದು ಬತ್ತದೆ.

ಓ, ಇವಳೂ ಅಲ್ಲೇ ಇದ್ದಳು, ಬಾಗಿಲ ಹತ್ತಿರ, ಶಾಲೆಯ ಬ್ಯಾಗು ಕೆಳಗಿಡದೆ ನಿಂತಿದ್ದಳು, ಎರಡು ವರ್ಷ ತನ್ನ ದುಃಖವೊಂದೇ ಮನೆಯ ತುಂಬ ಮಲಗಿತ್ತು, ಇವಳದ್ದಕ್ಕೆ ಜಾಗ ಎಲ್ಲಿತ್ತು — ಟೈಮ್ ಎಷ್ಟಮ್ಮ ಎಂದಳು ಲಿಖಿತ, ಎಷ್ಟಾದ್ರೇನು ಎಂದು ಅಂಬಿಕ ಇಡ್ಲಿ ಮುರಿದು ಮೊದಲು ತನ್ನ ಬಾಯಿಗಿಟ್ಟುಕೊಂಡಳು, ನಾನೂ ತಿಂತೀನಿ, ನೀನೂ ತಿನ್ನು, ಆಮೇಲೆ ಇಬ್ರೂ ಕೆಜಿಎಫ್ ಬಸ್ ಹತ್ತಿ ಡಾಕ್ಟರಮ್ಮನತ್ರ ಓಗಾನ, ಈ ಮಾತು ಅವರಿಗೆ ಯೋಳಾನ. ಇನ್ನೊಂದು ತುತ್ತು ಮಗಳ ತುಟಿಗೆ ಹಿಡಿದಳು, ತುಟಿ ತೆರೆಯಿತು, ತುತ್ತು ಕೆನ್ನೆಯಲ್ಲಿ ನಿಂತಿತು, ಮೂರು ವರ್ಷದವಳಿದ್ದಾಗ ಜ್ವರದ ಔಷಧಿಯನ್ನೂ ಹೀಗೇ ಕೆನ್ನೆಯಲ್ಲಿ ಹಿಡಿದಿಟ್ಟುಕೊಳ್ಳುತ್ತಿದ್ದಳು, ಸುಧಾಕರ್ ಒಂದೇ ಬೆರಳಲ್ಲಿ ಅವಳ ಗಂಟಲು ನೇವರಿಸಿ ನೇವರಿಸಿ ನುಂಗಿಸುತ್ತಿದ್ದ, ಅಂಬಿಕಳ ಬೆರಳೂ ಅಲ್ಲಿಗೇ ಹೋಯಿತು, ತಣ್ಣನೆಯ ಚರ್ಮ, ಒಳಗೆ ನಾಡಿ ಬಡಿಯುತ್ತಿದೆ, ನುಂಗು ಪಾಪ, ನುಂಗು, ಎಲ್ಲಾ ವಾಪಸ್ ಬರಲಿ, ನಾನಿದ್ದೀನಿ — ಕೆನ್ನೆಯಲ್ಲಿ ತುತ್ತು, ಬೆರಳಡಿಯಲ್ಲಿ ಗಂಟಲು, ಅಲುಗದ ಗಂಟಲು, ಇನ್ನೂ ಅಲುಗದ ಗಂಟಲು