ತಡೆದುಕೊಳ್ಳುವವಳ ಸ್ಕ್ಯಾನಿಂಗ್

ಹೆದ್ದಾರಿಯ ಟೋಲ್ ಗೇಟಿನಲ್ಲಿ ಅವಳನ್ನು ಎಲ್ಲರೂ ಒಂಟೆ ಅಂತಲೇ ಕರೆಯುತ್ತಿದ್ದರು. ಬೈಗುಳ ಅಂದುಕೊಂಡೀರಿ, ಅಲ್ಲ, ಅದು ಬಿರುದು! ಬೆಳಿಗ್ಗೆ ಬೂತಿನೊಳಗೆ ಕೂತಳೆಂದರೆ ಪಾಳಿ ಮುಗಿಯುವ ತನಕ ನೀರೂ ಕುಡಿಯಳು, ಒಂದಕ್ಕೂ ಏಳಳು. ಬೂತಾದರೂ ಎಂಥದ್ದು? ಒಂದು ಕುರ್ಚಿ, ಒಂದು ಕಂಪ್ಯೂಟರ್, ಮೂರು ಕಡೆ ಗಾಜು, ಬೆನ್ನ ಹಿಂದೆ ಒಂದು ಬಾಗಿಲು. ಬಾಗಿಲು ತೆಗೆದರೆ ಪಕ್ಕದ ಲೇನಿನ ಲಾರಿ ಮೂಗು ಸವರಿಕೊಂಡು ಹೋಗುತ್ತದೆ. ಹೆಂಗಸರ ಟಾಯ್ಲೆಟ್ಟು ಅಷ್ಟೂ ಲೇನುಗಳನ್ನು ದಾಟಿ ರಸ್ತೆಯ ಆ ಬದಿಗೆ. ಗಂಡಸರಿಗೇನು, ಗೋಡೆಯ ಹಿಂದೆ ಹೋಗಿ ಬಂದರೆ ಆಯಿತು.

ಏಳಬೇಕಾದರೆ ಸೂಪರ್‌ವೈಸರ್ ಬದಲಿಗೆ ಯಾರನ್ನಾದರೂ ಕಳಿಸಬೇಕು. ಕೇಳಿದರೆ ಆ ಮಹಾನುಭಾವ ಮೈಕಿನಲ್ಲೇ ಕೂಗುತ್ತಿದ್ದ: "ನಾಲ್ಕನೇ ಲೇನಿನ ಮೇಡಂಗೆ ಅರ್ಜೆಂಟಂತೆ, ಯಾರಾದ್ರೂ ಹೋಗ್ರಪ್ಪಾ!" ಸಾಲಿನಲ್ಲಿ ನಿಂತ ಡ್ರೈವರುಗಳೆಲ್ಲ ಹಲ್ಲು ಕಿಸಿಯುತ್ತಿದ್ದರು. ಸೇರಿದ ಹೊಸತರಲ್ಲಿ ಒಂದು ಸಲ ಆ ಮರ್ಯಾದೆ ಮಾಡಿಸಿಕೊಂಡವಳು ಆಮೇಲೆ ಕೇಳುವುದನ್ನೇ ಬಿಟ್ಟಳು. ನೀರು ಬಿಟ್ಟಳು, ಹಲ್ಲು ಕಚ್ಚಿ ಕೂತಳು, ಬರಬರುತ್ತಾ ಅದೇ ಅಭ್ಯಾಸವಾಯಿತು. "ನಮ್ಮ ಒಂಟೆಯನ್ನ ನೋಡಿ ಕಲೀರಿ" ಅಂತ ಸೂಪರ್‌ವೈಸರ್ ಹೊಸಬರಿಗೆ ಹೇಳಿದಾಗ ಬೀಗುತ್ತಿದ್ದಳು ಬೇರೆ, ಪೆದ್ದಿ!

ಈಗ ನೋಡಿದರೆ ಬೆನ್ನಿನ ಎರಡೂ ಪಕ್ಕ ನೋವು, ಪದೇ ಪದೇ ಚಳಿಜ್ವರ. ಸಂಜೆಯಾದರೆ ಕಾಲು ಊದಿಕೊಂಡು ಚಪ್ಪಲಿ ಹಿಡಿಯುತ್ತಿರಲಿಲ್ಲ. ಕ್ಲಿನಿಕ್ಕಿನ ಡಾಕ್ಟರು ಕಿಡ್ನಿ ಹೇಗಿದೆಯೋ ನೋಡಿಬಿಡೋಣ ಅಂತ ಸ್ಕ್ಯಾನಿಂಗಿಗೆ ಬರೆದುಕೊಟ್ಟರು. ಅರ್ಧ ದಿನ ರಜೆ ಕೇಳಿದರೆ ಸೂಪರ್‌ವೈಸರ್ ಮುಖ ಗಂಟಿಕ್ಕಿದ. "ಮಧ್ಯಾಹ್ನಕ್ಕೆ ಬರ್ಲಿಲ್ಲ ಅಂದ್ರೆ ನಿನ್ನ ಲೇನು ಬೇರೆಯವರಿಗೆ, ಆಮೇಲೆ ಅತ್ಕೊಂಡು ಬರಬೇಡ." ಗಂಡ ಹಾಸಿಗೆ ಹಿಡಿದ ಮೇಲೆ ಮನೆ ನಡೆಯುತ್ತಿದ್ದುದೇ ಆ ಲೇನಿನಿಂದ. ಕಿಡ್ನಿ ಹೋದರೂ ಕಷ್ಟ, ಲೇನು ಹೋದರೂ ಕಷ್ಟ. ಅವಳು ಯಾವ ಕಡೆಗೆ ಅಂತ ಓಡಬೇಕು?

ಸ್ಕ್ಯಾನಿಂಗ್ ಸೆಂಟರಿಗೆ ಜೊತೆಗೆ ಬಂದವಳು ಅವಳ ಅಕ್ಕ. ತಂಗಿಗಿಂತ ಅಕ್ಕನಿಗೇ ಪುಕುಪುಕು.

"ಒಳಗೆ ಕರೆಂಟು ಗಿರೆಂಟು ಕೊಡಲ್ಲ ತಾನೇ?" ಅಂತ ಕೌಂಟರಿನ ನರ್ಸನ್ನು ಕೇಳಿದಳು. "ಸೂಜಿ ಚುಚ್ತೀರಾ?"

"ಏನೂ ಇಲ್ಲಮ್ಮಾ. ಹೊಟ್ಟೆ ಮೇಲೆ ತಣ್ಣಗೆ ಜೆಲ್ ಹಚ್ಚಿ ಒಂದು ಸಣ್ಣ ಹಿಡಿ ಓಡಿಸ್ತಾರೆ, ಅಷ್ಟೇ. ಕಿವಿಗೆ ಕೇಳಿಸದ ಶಬ್ದದಿಂದ ನೋಡೋದು. ಎಕ್ಸ್‌ರೇ ಥರದ್ದಲ್ಲ, ನೋವೂ ಇಲ್ಲ" ಎಂದಳು ನರ್ಸು. ಆಮೇಲೆ ತಂಗಿಯ ಕಡೆ ತಿರುಗಿ, "ನೀವು ಚೆನ್ನಾಗಿ ನೀರು ಕುಡಿದು, ಒಂದಕ್ಕೆ ಹೋಗದೆ ಕೂತ್ಕೊಳ್ಳಿ. ಮೂತ್ರದ ಚೀಲ ತುಂಬಿದ್ರೇ ಒಳಗಿಂದು ಸರಿಯಾಗಿ ಕಾಣೋದು. ತಡೆಯೋಕಾಗ್ಲಿಲ್ಲ ಅಂದ್ರೆ ಬಂದು ಹೇಳಿ, ಸುಮ್ನೆ ಒದ್ದಾಡಬೇಡಿ" ಎಂದಳು.

ತಡೆಯೋಕಾಗ್ಲಿಲ್ಲ ಅಂದ್ರೆ! ಯಾರಿಗೆ ಹೇಳುತ್ತಿದ್ದಾಳೆ ಈ ಹುಡುಗಿ! ಅವಳಿಗೆ ನಗು ಬಂತು.

ಕಾಯುವ ಕೋಣೆ ತುಂಬಿತ್ತು. ಮಧ್ಯೆ ಯಾರದೋ ಅಪಘಾತದ ಕೇಸು ಬಂದು ಸರದಿ ತಡವಾಯಿತು. ನೀರು ಕುಡಿದು ಕೂತ ಹೆಂಗಸರ ಪಾಡು ಕೇಳಬೇಡಿ. ಒಬ್ಬಳು ಕಾಲ ಮೇಲೆ ಕಾಲು ಹಾಕಿ ಮುದುಡಿ ಕೂತಿದ್ದಳು. ಇನ್ನೊಬ್ಬಳು ಗೋಡೆ ಹಿಡಿದು ಅತ್ತಿಂದಿತ್ತ ಓಡಾಡುತ್ತಿದ್ದಳು. ಒಬ್ಬ ಅಜ್ಜಿಯಂತೂ "ಇನ್ನು ನನ್ನ ಕೈಲಾಗಲ್ಲ ಕಣಮ್ಮಾ" ಅಂತ ಅಳುವುದೊಂದು ಬಾಕಿ. ಇವಳು ಮಾತ್ರ ಮೂರನೇ ಬಾಟಲಿ ಮುಗಿಸಿ ಏನೂ ಆಗದವಳ ಹಾಗೆ ಕೂತಿದ್ದಳು. ತನ್ನ ಸರದಿ ಬಂದಾಗ ಎದ್ದು, "ಅಜ್ಜಿ, ನೀವು ಹೋಗಿ. ನನಗೆ ತಡೆಯುತ್ತೆ" ಎಂದಳು.

"ನಿನ್ನ ಹೊಟ್ಟೆ ತಂಪಾಗಿರ್ಲಿ ತಾಯಿ" ಎನ್ನುತ್ತಾ ಅಜ್ಜಿ ಒಳಗೆ ಓಡಿದಳು.

"ಅಬ್ಬಬ್ಬಾ, ಅದೇನು ಗಟ್ಟಿಗಿತ್ತಿಯೇ ನೀನು!" ಅಂದಳು ಅಕ್ಕ. ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಸೂಪರ್‌ವೈಸರ್. "ಎಲ್ಲಿದ್ದೀಯ? ಲೇನು ಖಾಲಿ ಬಿದ್ದಿದೆ." "ಬಂದೆ ಸಾರ್, ಬಂದೇಬಿಟ್ಟೆ" ಅಂದು ಇಟ್ಟಳು.

ಸ್ಕ್ಯಾನಿಂಗ್ ಕೋಣೆ ಅರೆಗತ್ತಲೆ, ಎ.ಸಿ.ಯ ಚಳಿ. ಡಾಕ್ಟರಮ್ಮ ಕನ್ನಡಕ ಹಾಕಿದ ನಡುವಯಸ್ಸಿನವರು. ಅಕ್ಕನನ್ನು ಹೊರಗೇ ನಿಲ್ಲಿಸಿ ಬಾಗಿಲು ಹಾಕಿಸಿದರು. ಜೆಲ್ ಹಚ್ಚಿ ಕೈಯ ಹಿಡಿಯನ್ನು ಹೊಟ್ಟೆಯ ಮೇಲೆ ಒತ್ತಿದರು. "ಉಸಿರು ಎಳ್ಕೊಳ್ಳಿ. ಹಿಡ್ಕೊಳ್ಳಿ. ಬಿಡಿ. ಈಗ ಈ ಪಕ್ಕಕ್ಕೆ ಹೊರಳಿ." ಎಡಗಡೆ ನೋಡಿದರು, ಬಲಗಡೆ ನೋಡಿದರು, ಮತ್ತೆ ಎಡಗಡೆಗೇ ಬಂದರು. ಬಂದವರು ಅಲ್ಲಿಂದ ಕದಲಲೇ ಇಲ್ಲ.

"ಚೀಲ ತುಂಬಿ ಹೊಕ್ಕುಳ ತನಕ ಬಂದಿದೆ. ನಿಮಗೆ ಅರ್ಜೆಂಟ್ ಅನ್ನಿಸ್ತಿಲ್ವಾ?"

"ಇಲ್ಲ ಮೇಡಂ. ನನಗೆ ಅಭ್ಯಾಸ."

ಡಾಕ್ಟರಮ್ಮ ಕನ್ನಡಕದ ಮೇಲಿಂದ ಅವಳ ಮುಖವನ್ನೇ ನೋಡಿದರು. "ಸರಿ, ಹೋಗಿ ಪೂರ್ತಿ ಖಾಲಿ ಮಾಡಿ ಬನ್ನಿ. ಇನ್ನೊಂದು ಸಲ ನೋಡ್ತೀನಿ."

ಟಾಯ್ಲೆಟ್ಟು ಪಕ್ಕದಲ್ಲೇ ಇತ್ತು. ಫಳಫಳ ಹೊಳೆಯುತ್ತಿತ್ತು, ಚಿಲಕ ಗಟ್ಟಿಯಾಗಿತ್ತು, ಕೂಗುವ ಮೈಕಿಲ್ಲ, ಕಿಸಿಯುವ ಹಲ್ಲಿಲ್ಲ. ಕೂತಳು. ಒಂದಿಷ್ಟು ಹೋಯಿತು, ನಿಂತಿತು. ಇಷ್ಟೇ ಇರಬೇಕು ಅಂದುಕೊಂಡಳು. ಮುಕ್ಕಿ ನೋಡಿದಳು, ಊಹೂಂ. ಹೊರಗೆ ರಸ್ತೆಯಲ್ಲಿ ಯಾವುದೋ ಗಾಡಿ ಹಾರ್ನ್ ಹೊಡೆಯಿತು. ಅವಳಿಗೇ ಗೊತ್ತಿಲ್ಲದೆ ಮೈ ಬಿಗಿದುಕೊಂಡಿತು, ಕೈ ಬಟ್ಟೆ ಸರಿಮಾಡಿಕೊಂಡಿತು, ಎದ್ದೇ ನಿಂತಿದ್ದಳು.

"ಪೂರ್ತಿ ಆಯ್ತಾ?"

"ಹೂಂ, ಆಯ್ತು ಮೇಡಂ."

ಜನರ ಮುಂದೆ ನಡೆಯುವ ಸುಳ್ಳು ಆ ಮಿಷಿನ್ನಿನ ಮುಂದೆ ನಡೆಯುತ್ತದೆಯೇ? ಡಾಕ್ಟರಮ್ಮ ಪರದೆಯನ್ನು ಅವಳ ಕಡೆ ತಿರುಗಿಸಿದರು. "ನೋಡಿ, ಈ ಕಪ್ಪಗಿರೋದು ಮೂತ್ರ. ಅರ್ಧಕ್ಕಿಂತ ಹೆಚ್ಚು ಒಳಗೇ ಉಳಿದಿದೆ. ವಿವರವಾಗಿ ನಿಮ್ಮ ಡಾಕ್ಟರು ಹೇಳ್ತಾರೆ. ಆದ್ರೆ ಇವತ್ತು ಸಂಜೆಯೇ ರಿಪೋರ್ಟು ಹಿಡ್ಕೊಂಡು ಹೋಗಿ, ನಾಳೆ ಅನ್ನಬೇಡಿ. ಹೊರಗೆ ಹೋಗದ್ದು ಹಿಂದಕ್ಕೆ ಒತ್ತಿ ಎರಡೂ ಕಿಡ್ನಿ ಊದಿಕೊಂಡಿವೆ. ಏನು ಕೆಲಸ ನಿಮ್ಮದು?"

"ಕೂತು ಮಾಡೋ ಕೆಲಸ."

"ನಡುವೆ ಏಳೋದೇ ಇಲ್ವಾ?"

ಬಾಯಿಗೆ ಬಂದದ್ದು "ಏಳ್ತೀನಿ ಮೇಡಂ" ಅನ್ನುವುದೇ. ಆದರೆ ಆ ಕಪ್ಪು ಮಡು ಕಣ್ಣೆದುರಿಗೇ ಇತ್ತು, ಅವಳ ಹೊಟ್ಟೆಯೊಳಗಿನದು, ಇಷ್ಟು ವರ್ಷದ್ದು. "ಏಳೋಕೆ ಬಿಡಲ್ಲ ಮೇಡಂ" ಅಂದಳು. ಅಂದವಳೇ ಗಳಗಳನೆ ಅತ್ತುಬಿಟ್ಟಳು. ಮೈಕು, ಲಾರಿ, ಒಂಟೆ, ಎಲ್ಲ ಹೊರಗೆ ಬಂತು. ಡಾಕ್ಟರಮ್ಮ ತಡೆಯಲಿಲ್ಲ. ಜೆಲ್ ಒರೆಸಿಕೊಳ್ಳಲು ಬಟ್ಟೆ ಕೊಟ್ಟರು.

"ತಡೆದೂ ತಡೆದೂ ಚೀಲ ಸಡಿಲವಾಗಿಬಿಡುತ್ತೆ. ಆಮೇಲೆ ತುಂಬಿದ್ದೇ ಗೊತ್ತಾಗಲ್ಲ. ನಿಮಗೆ ತಡೆಯೋ ಶಕ್ತಿ ಇರೋದಲ್ಲಮ್ಮಾ, ಬಿಡೋದು ಮರೆತುಹೋಗಿದೆ. ಚಿಕಿತ್ಸೆ ಇದೆ, ಹೆದರಬೇಡಿ. ಆದ್ರೆ ಇನ್ನು ಮೇಲೆ ತಡೆದ್ರೆ ಕಿಡ್ನಿ ಉಳಿಯಲ್ಲ. ಆಗಾಗ ಹೋಗಿ. ಅವಸರ ಮಾಡದೆ ಕೂತ್ಕೊಳ್ಳಿ, ಎದ್ದು ನಿಂತು ಮತ್ತೆ ಕೂತ್ಕೊಳ್ಳಿ."

ಕ್ಲಿನಿಕ್ಕು ತೆರೆಯುವುದು ಸಂಜೆಗೆ. ಅಲ್ಲಿಯ ತನಕ? ಫೋನು ಮತ್ತೆ ಬಡಿದುಕೊಳ್ಳುತ್ತಿತ್ತು. "ಹಾಳಾಗಿ ಹೋಗ್ಲಿ ಅವನ ಲೇನು, ಮನೆಗೆ ನಡಿಯೇ" ಅಂತ ಅಕ್ಕ ಕೈ ಹಿಡಿದು ಎಳೆದಳು. "ನಾಳೆ ಮನೆಯಲ್ಲಿ ಒಲೆ ಹಚ್ಚೋದು ಯಾರಕ್ಕ, ನೀನಾ?" ಅಂದುಬಿಟ್ಟಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಅಕ್ಕ ರಿಪೋರ್ಟನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. "ಸಂಜೆ ಗೇಟಿನ ಹತ್ರಾನೇ ಬಂದು ನಿಂತಿರ್ತೀನಿ. ನೀನು ಬರದಿದ್ರೆ ಬೂತಿಗೇ ನುಗ್ತೀನಿ ನೋಡು" ಎಂದಳು.

ಮಧ್ಯಾಹ್ನ ನಾಲ್ಕನೇ ಲೇನು ಎಂದಿನ ಹಾಗೇ ಹೊಗೆ ಕಾರುತ್ತಿತ್ತು. ಅವಳು ಬೂತಿನಲ್ಲಿ ಕೂತು, ಬಾಟಲಿ ತೆಗೆದು, ಎಲ್ಲರಿಗೂ ಕಾಣುವ ಹಾಗೆ ನೀರು ಕುಡಿದಳು. ಸ್ವಲ್ಪ ಹೊತ್ತಿಗೆ ಫೋನೆತ್ತಿ, "ಸಾರ್, ಬದಲಿಗೆ ಯಾರನ್ನಾದ್ರೂ ಕಳಿಸಿ, ಒಂದಕ್ಕೆ ಹೋಗಬೇಕು" ಎಂದಳು. ಮರುಕ್ಷಣವೇ ಮೈಕು ಗರ್ ಅಂತು. "ನಮ್ಮ ಒಂಟೆಗೂ ಅರ್ಜೆಂಟಂತೆ ಕಣ್ರಪ್ಪೋ!" ಸಾಲಿನುದ್ದಕ್ಕೂ ನಗು. ಬದಲಿಗೆ ಮಾತ್ರ ಯಾರೂ ಬರಲಿಲ್ಲ. ಅವಳು ಕಾದಳು, ಮತ್ತೆ ಫೋನು ಮಾಡಿದಳು. ಆಯಪ್ಪ ಎತ್ತಲಿಲ್ಲ.

ಅವಳು ಡ್ರಾಯರಿಗೆ ಬೀಗ ಹಾಕಿದಳು. ಗೇಟಿನ ಅಡ್ಡಕಂಬ ಇಳಿಸಿದಳು. ಬಾಗಿಲು ತೆಗೆದು, ಕೈಯೆತ್ತಿ ಲಾರಿಗಳನ್ನು ನಿಲ್ಲಿಸುತ್ತಾ, ಒಂದೊಂದೇ ಲೇನು ದಾಟಿ ಆ ಬದಿಗೆ ನಡೆದಳು. ಹಿಂದೆ ಹಾರ್ನುಗಳು ಒಂದಕ್ಕೊಂದು ಸೇರಿ ಕಿವಿ ಕಿತ್ತುಹೋಗುವ ಹಾಗೆ ಹೊಡೆದುಕೊಳ್ಳುತ್ತಿದ್ದವು.

ಟಾಯ್ಲೆಟ್ಟಿಗೆ ಹೋಗಿ ಚಿಲಕ ಹಾಕಿದಳು. ಕೂತಳು. ಬರಲಿಲ್ಲ.

ಹಾರ್ನು ಜೋರಾದಷ್ಟೂ ಒಳಗೆ ಬಿಗಿಯುತ್ತಿತ್ತು. ಲೇನು ಬಿಟ್ಟು ಬಂದಿದ್ದಳು, ಮೈಕು ದಾಟಿ ಬಂದಿದ್ದಳು, ಮೈ ಮಾತ್ರ ಇನ್ನೂ ಬೂತಿನಲ್ಲೇ ಕೂತಿತ್ತು. ಕಣ್ಣಲ್ಲಿ ನೀರು ಬಂತು, ಬರಬೇಕಾದಲ್ಲಿ ಬರಲಿಲ್ಲ. ಎದ್ದು ನಿಂತಳು. ಡಾಕ್ಟರಮ್ಮ ಹೇಳಿದ ಹಾಗೆ ಮತ್ತೆ ಕೂತಳು.

ಯಾರೋ ಬಾಗಿಲು ದಬದಬ ಬಡಿದರು. ಸೂಪರ್‌ವೈಸರ್ ರಸ್ತೆ ದಾಟಿಕೊಂಡೇ ಬಂದಿದ್ದ. "ಏನು ತಲೆಗಿಲೆ ಕೆಟ್ಟಿದೆಯಾ ನಿನಗೆ? ಹೊರಗೆ ಬಾ! ಇನ್ನೂ ಎಷ್ಟು ಹೊತ್ತು?"

ಅವಳು ಎರಡೂ ಕೈಯಿಂದ ಚಿಲಕ ಅದುಮಿ ಹಿಡಿದು ಕೂತಲ್ಲಿಂದಲೇ ಹೇಳಿದಳು.

"ಬರೋ ತನಕ ಸಾರ್."