ಬಿಸಿಯಲ್ಲಿ ಹಟ ಮಾಡುವ ಕಾರು

“ಕೆಡದೇ ಇರೋ ಕಾರನ್ನ ರಿಪೇರಿ ಮಾಡು ಅಂದ್ರೆ ನಾನು ಎಲ್ಲಿಗೆ ಅಂತ ಕೈ ಹಾಕ್ಲಿ, ನೀವೇ ಹೇಳಿ,” ಎಂದ ಮೇಸ್ತ್ರಿ, ಬಾನೆಟ್ಟಿನೊಳಗಿಂದ ತಲೆ ಎತ್ತದೆ. “ಪಂಪು ಸರಿ ಇದೆ, ಫಿಲ್ಟರ್ ಸರಿ ಇದೆ. ಹೊಸ ಸೊಸೆ ಹಂಗೆ ಒಂದೇ ಕೂಗಿಗೆ ‘ಬಂದೆ’ ಅನ್ನುತ್ತೆ.”

“ಕೆಟ್ಟಿದೆ ಮೇಸ್ತ್ರಿ. ಇನ್ನೊಂದ್ಸಲ ನೋಡಿ,” ಎಂದ ಟೈಲರ್.

ತನ್ನ ಕಾರು ಕೆಟ್ಟಿರಲಿ ಎಂದು ಬೇಡಿಕೊಳ್ಳುವ ಗಿರಾಕಿಯನ್ನು ಮೇಸ್ತ್ರಿ ಎಲ್ಲೂ ಕಂಡಿರಲಿಲ್ಲ. ಆದರೆ ಕಾರಣ ಬೀದಿಗೆಲ್ಲ ಗೊತ್ತಿತ್ತು. ಹೋದ ತಿಂಗಳು ಟೈಲರನ ಅಪ್ಪನಿಗೆ ಎದೆನೋವು ಬಂದಾಗ, ಇದೇ ಹಳೇ ಕಾರಿನಲ್ಲಿ ಅವರನ್ನು ತಾಯಿಯ ಪಕ್ಕ ಒರಗಿಸಿಕೊಂಡು ಹೊರಟವನು ಅವನೇ. ಕಾರು ನಡುದಾರಿಯಲ್ಲಿ ಕೈಕೊಟ್ಟಿತು, ಅಪ್ಪ ಹಿಂದಿನ ಸೀಟಿನಲ್ಲೇ ಹೋಗಿಬಿಟ್ಟರು. ಮರುದಿನ ಬೆಳಿಗ್ಗೆ ಭಾವ ಹೋಗಿ ಕೀ ತಿರುಗಿಸಿದರೆ ಕಾರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. “ಕಾರಿಗೇನೂ ಆಗಿಲ್ವಲ್ಲ,” ಎಂದ ಭಾವ. ಬೇರೇನೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಅಂದಿನಿಂದ ತಾಯಿ ಮಗನ ಜೊತೆ ಮಾತಾಡುವುದನ್ನು ಬಿಟ್ಟರು. ಅನ್ನ ಬಡಿಸುತ್ತಿದ್ದರು, ಮುಖ ನೋಡುತ್ತಿರಲಿಲ್ಲ.

ಈಗಲೂ ಗ್ಯಾರೇಜಿನ ಬಾಗಿಲ ಬಳಿ, ಹಳೇ ಟೈರುಗಳ ಪಕ್ಕದ ಸ್ಟೂಲಿನ ಮೇಲೆ ಕೂತು, ಮೇಸ್ತ್ರಿಯ ಕಡೆಗೇ ತಿರುಗಿ ಹೇಳಿದರು: “ಅವನಿಗೆ ಹೇಳಪ್ಪ, ಕೆಡದೇ ಇರೋದನ್ನ ಕೆಡಿಸಿ ತೋರಿಸ್ಬೇಡ ಅಂತ. ಸೂಜಿ ಹಿಡಿಯೋ ಕೈಗೆ ಸ್ಟೀರಿಂಗ್ ಯಾಕೆ ಅಂತ ಅವರು ಸುಮ್ನೆ ಹೇಳ್ತಿರ್ಲಿಲ್ಲ.”

ಆ ಮಾತು ಅಪ್ಪನದೇ. ಬಸ್ ಓಡಿಸಿ ನಿವೃತ್ತರಾದ ಮನುಷ್ಯ, ಮುಂಗೋಪಿ. ತನ್ನ ಕಾರನ್ನು ಯಾರಿಗೂ ಮುಟ್ಟಗೊಡುತ್ತಿರಲಿಲ್ಲ. ‘ಇದು ನನ್ನ ಕಾಲಿನ ಮಾತು ಬಿಟ್ರೆ ಇನ್ನೊಬ್ಬರದು ಕೇಳಲ್ಲ’ ಎಂದು ಮೀಸೆಯಡಿ ನಗುತ್ತಿದ್ದರು.

ಮೇಸ್ತ್ರಿ ಕೈ ಒರೆಸಿಕೊಂಡ. “ಆಯ್ತು, ಅವತ್ತು ಮನೆಯಿಂದ ನೆಟ್ಟಗೆ ಆಸ್ಪತ್ರೆಗೆ ಹೊರಟ್ರಾ, ಎಲ್ಲಾದ್ರೂ ನಿಲ್ಲಿಸಿದ್ರಾ?”

“ಮೂಲೆ ಕ್ಲಿನಿಕ್ಕಿಗೆ ಮೊದ್ಲು ಹೋದ್ವಿ. ಡಾಕ್ಟರ್ ನೋಡಿ, ದೊಡ್ಡಾಸ್ಪತ್ರೆಗೆ ಕರ್ಕೊಂಡ್ಹೋಗಿ ಅಂದ್ರು. ವಾಪಸ್ ಕಾರಿಗೆ ಬಂದು ಕೀ ತಿರುಗಿಸಿದ್ರೆ ಗರ್ ಗರ್ ಅಂತು, ಹೊತ್ತಿಕೊಳ್ಳಲೇ ಇಲ್ಲ.”

“ಅಂದ್ರೆ ಬಿಸಿ ಇಂಜಿನ್ನು, ನಿಲ್ಲಿಸಿ ಸ್ವಲ್ಪ ಹೊತ್ತಾಗಿತ್ತು. ಅಯ್ಯೋ ಮಾರಾಯ, ನಾನು ಬೆಳಗಿಂದ ತಣ್ಣಗಿರೋ ಇಂಜಿನ್ ಕೆರೀತಾ ಕೂತಿದೀನಿ. ಇದನ್ನ ಮೊದ್ಲೇ ಹೇಳೋಕೇನಾಗಿತ್ತು?”

“ಯಾರೂ ಕೇಳ್ಲಿಲ್ಲ,” ಎಂದ ಟೈಲರ್.

ಮೇಸ್ತ್ರಿ ಕಾರನ್ನು ಚೆನ್ನಾಗಿ ಬಿಸಿಯಾಗುವ ತನಕ ಸುತ್ತಿಸಿ ತಂದ. ಪೆಟ್ರೋಲ್ ಪೈಪಿಗೆ ಪ್ರೆಶರ್ ಗೇಜ್ ಸಿಕ್ಕಿಸಿ ಇಂಜಿನ್ ಆಫ್ ಮಾಡಿದ. ಮೂವರೂ ಕಾದರು. ಗೇಜಿನ ಮುಳ್ಳು ಮೊದಲು ಅಲ್ಲಾಡಲಿಲ್ಲ. ಆಮೇಲೆ, ನಿದ್ದೆ ಹತ್ತಿದ ಮಗುವಿನ ತಲೆಯ ಹಾಗೆ, ಮೆಲ್ಲಗೆ ವಾಲತೊಡಗಿತು. ಮೇಸ್ತ್ರಿ ಬಗ್ಗಿ ಮೂಸಿದ. ಹಸಿ ಪೆಟ್ರೋಲಿನ ವಾಸನೆ. ಒಳಗೆ ಕೂತು ಕೀ ತಿರುಗಿಸಿದ.

ಗರ್, ಗರ್, ಗರ್. ಹೊತ್ತಿಕೊಳ್ಳಲಿಲ್ಲ. ಮತ್ತೆ ತಿರುಗಿಸಿದ. ಮತ್ತೆ ಅದೇ.

ಟೈಲರ್ ಇಂಜಿನ್ನನ್ನು ನೋಡಲಿಲ್ಲ, ಅಮ್ಮನನ್ನು ನೋಡಿದ. ಅಮ್ಮ ಸ್ಟೂಲಿನಿಂದ ಎದ್ದು ನಿಂತಿದ್ದರು.

“ಇದೇ ಸದ್ದು,” ಎಂದರು. ನಂತರ, ತಿಂಗಳಾದ ಮೇಲೆ ಮೊದಲ ಸಲ, ಅವನ ಮುಖ ನೋಡಿ, “ಇದೇ ಸದ್ದು ಕಣೋ. ನಿನ್ನ ತಪ್ಪಲ್ಲ,” ಎಂದರು.

ಮಾತು ಅಲ್ಲಿಗೇ ನಿಲ್ಲಬಹುದಿತ್ತು. ಆದರೆ ರೋಗ ಸಿಕ್ಕ ಖುಷಿಯಲ್ಲಿ ಮೇಸ್ತ್ರಿಯ ಬಾಯಿ ನಿಲ್ಲಲಿಲ್ಲ.

“ಇಂಜೆಕ್ಟರ್ ಕಣಮ್ಮ. ಇಂಜಿನ್ನಿಗೆ ಪೆಟ್ರೋಲ್ ಚಿಮುಕಿಸೋ ನಳಿಕೆ. ವಯಸ್ಸಾದ್ರೆ ಬಚ್ಚಲುಮನೆ ನಲ್ಲಿ ಹಂಗೆ ಸೋರುತ್ತೆ. ಬಿಸಿಯಲ್ಲಿ ನಿಲ್ಲಿಸಿದ್ರೆ ಒಳಗೆಲ್ಲ ಪೆಟ್ರೋಲ್ ತುಂಬಿ ಕಿಡಿ ಹೊತ್ತಲ್ಲ. ರಾತ್ರಿ ಕಳೆದ್ರೆ ಆರಿಹೋಗುತ್ತೆ, ಬೆಳಿಗ್ಗೆ ಮತ್ತೆ ಸಾಧು. ಯಜಮಾನರಿಗೆ ಇದರ ಮದ್ದು ಗೊತ್ತಿದ್ದಿರ್ಬೇಕು, ಇಲ್ದಿದ್ರೆ ಇಷ್ಟು ದಿನ ಹೆಂಗೆ ಓಡಿಸ್ತಿದ್ರು?”

“ಏನು ಮದ್ದು?” ಎಂದ ಟೈಲರ್.

“ಆಕ್ಸಿಲರೇಟರನ್ನ ಪೂರ್ತಿ ನೆಲಕ್ಕೆ ಒತ್ತಿ ಹಿಡ್ಕೊಂಡು ಕೀ ತಿರುಗಿಸೋದು. ಪೂರ್ತಿ ಒತ್ತಿದ್ರೆ ಪೆಟ್ರೋಲ್ ನಿಂತು ಬರೀ ಗಾಳಿ ಹೋಗುತ್ತೆ, ಒಳಗಿಂದು ಆರುತ್ತೆ, ಹೊತ್ಕೊಳ್ಳುತ್ತೆ. ಅಷ್ಟೇ.”

ತಾಯಿ ಹತ್ತಿರ ಬಂದು ಪೆಡಲಿನ ಕಡೆ ಬಗ್ಗಿ ನೋಡಿದರು.

“ಒತ್ತೋದು ಬಲಗಾಲಲ್ಲೇನಾ?” ಎಂದು ಕೇಳಿದರು.

“ಇನ್ಯಾವ ಕಾಲಮ್ಮ, ಬಲಗಾಲೇ.”

“ಅವರಿಗೆ ಆಗ ಮಾತು ನಿಂತುಹೋಗಿತ್ತು,” ಎಂದರು ತಾಯಿ. “ಇವನು ಕೀ ತಿರುಗಿಸಿದಾಗೆಲ್ಲ ಬಲಗಾಲನ್ನ ಮುಂದಿನ ಸೀಟಿಗೆ ಒತ್ತಿ ಒತ್ತಿ ಹಿಡೀತಿದ್ರು. ಸಂಕಟಕ್ಕೆ ಒದ್ದಾಡ್ತಿದಾರೆ ಅಂದ್ಕೊಂಡೆ. ಆ ಕಾಲನ್ನ ನನ್ನ ತೊಡೆ ಮೇಲೆ ಎಳ್ಕೊಂಡು ಗಟ್ಟಿಯಾಗಿ ಹಿಡ್ಕೊಂಡ್ಬಿಟ್ಟೆ. ಬಿಡಿಸ್ಕೊಳ್ಳೋಕೆ ನೋಡಿದ್ರು. ಬಿಡ್ಲಿಲ್ಲ ನಾನು.”

“ನನ್ನ ಬೆನ್ನಿಗೆ ತಾಗ್ತಿತ್ತಮ್ಮ,” ಎಂದ ಮಗ. “ಬೈತಿದಾರೆ ಅಂದ್ಕೊಂಡೆ.”

ಮೇಸ್ತ್ರಿ ಕೈಯಲ್ಲಿದ್ದ ಸ್ಪ್ಯಾನರನ್ನು ಸದ್ದಾಗದ ಹಾಗೆ ಕೆಳಗಿಟ್ಟ. “ಮನೆಗೆ ಹೋಗಿಮ್ಮ,” ಎಂದ. “ನಳಿಕೆ ಬದಲಾಯಿಸಿ ನಾನೇ ತಂದು ಬಿಡ್ತೀನಿ. ಅವರು ಅದಕ್ಕೇ ಒತ್ತಿದ್ರು ಅಂತ ಯಾರು ಹೇಳ್ತಾರೆ?”

“ನಾನು ಹೇಳ್ತೀನಿ,” ಎಂದರು ತಾಯಿ. ಹಿಂದಿನ ಬಾಗಿಲು ತೆಗೆದು, ಅಂದು ಕೂತಿದ್ದ ಜಾಗದಲ್ಲೇ ಕೂತರು. “ಬಾರೋ. ಕೂತ್ಕೊಂಡು ಒತ್ತು.”

“ಬೇಡಮ್ಮ.”

“ಒತ್ತು ಅಂದೆ.”

ಮೇಸ್ತ್ರಿ ಇಳಿದು ಜಾಗ ಬಿಟ್ಟ. ಮಗ ಕೂತು, ಪೆಡಲನ್ನು ನೆಲಕ್ಕೆ ಒತ್ತಿ ಹಿಡಿದು ಕೀ ತಿರುಗಿಸಿದ. ಗರ್ ಗರ್ ಎಂದು ತಿರುಗಿದ ಇಂಜಿನ್ ಒಮ್ಮೆ ಕೆಮ್ಮಿತು, ಹೊತ್ತಿಕೊಂಡಿತು, ಗ್ಯಾರೇಜು ಕರೀ ಹೊಗೆಯಿಂದ ತುಂಬಿತು. ತಾಯಿ ಹಿಂದಿನಿಂದ ಮಗನ ಭುಜದ ಮೇಲಾಗಿ ಬಾಗಿ, ಕೈ ಚಾಚಿ, ಕೀ ಹಿಂದಕ್ಕೆ ತಿರುಗಿಸಿ ಆರಿಸಿದರು.